ಹೆಲ್ಪರ್ ಅಂತ ಹೋದವರು ಸಿಪಾಯಿ ಆದದ್ದು ಹೇಗೆ? ರಷ್ಯಾದ ಖಾಲಿ ಭುಜಪಟ್ಟಿಯ ಹಿಂದಿನ ಲೆಕ್ಕ

2024ರ ಫೆಬ್ರವರಿಯಲ್ಲಿ ಕಲಬುರಗಿ ಜಿಲ್ಲೆಯ ಮೂವರು ಯುವಕರು ರಷ್ಯಾ–ಉಕ್ರೇನ್ ಯುದ್ಧದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂಬ ಸುದ್ದಿ ಬಂತು. ಸೆಕ್ಯುರಿಟಿ ಕೆಲಸ, ಹೆಲ್ಪರ್ ಕೆಲಸ ಎಂದ ಏಜೆಂಟರ ಮಾತು ನಂಬಿ ಹೋದವರು ಅವರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರೇನೋ ಮನೆಗೆ ಬಂದರು. ಸುದ್ದಿ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಗುಜರಾತ್, ಪಂಜಾಬ್, ಕೇರಳ, ತೆಲಂಗಾಣ, ಉತ್ತರ ಪ್ರದೇಶ, ಹೀಗೆ ಒಂದೊಂದೇ ರಾಜ್ಯದ ಹೆಸರು ಸೇರುತ್ತಾ ಹೋಯಿತು.

ಈ ಸುದ್ದಿಗಳನ್ನು ಓದುವವರಿಗೆ ಗೊಂದಲ ಆಗುವುದು ಸಹಜ. ಒಂದು ಕಡೆ 'ಹೆಲ್ಪರ್' ಅಂತ ಬರೆದಿರುತ್ತದೆ, ಇನ್ನೊಂದು ಕಡೆ 'ಸೈನಿಕ', ಮತ್ತೊಂದು ಕಡೆ 'ಬಾಡಿಗೆ ಸೈನಿಕ'. ಹೆಲ್ಪರ್ ಆಗಿದ್ದರೆ ಕೆಲಸ ಬಿಟ್ಟು ಬರಬಹುದಿತ್ತಲ್ವಾ? ಸೈನಿಕ ಆಗಿದ್ದರೆ ಯೂನಿಫಾರಂ ಮೇಲೆ ಗುರುತು ಇರಬೇಕಲ್ವಾ? ಒಂದು ವರ್ಷದ ಕರಾರು ಅಂದ ಮೇಲೆ ವರ್ಷ ಮುಗಿದ ದಿನ ಬಿಡಬೇಕಲ್ವಾ?

ಈ ಮೂರು ಪ್ರಶ್ನೆಗೂ ಉತ್ತರ ಹುಡುಕಬೇಕಾದದ್ದು ಒಂದೇ ಕಡೆ: ರಷ್ಯಾ ಸೇನೆಯ ಅತಿ ಕೆಳಗಿನ ಶ್ರೇಣಿಯಲ್ಲಿ. ರಷ್ಯನ್ ಭಾಷೆಯಲ್ಲಿ ಅದರ ಹೆಸರು 'ರಿಯಾದೊವೊಯ್'.

ಸಾಲಿನಲ್ಲಿ ನಿಂತವನು

'ರಿಯಾದ್' ಅಂದರೆ ಸಾಲು. ಸಾಲಿನಲ್ಲಿ ನಿಲ್ಲುವವನು ರಿಯಾದೊವೊಯ್. ದಿನದ ಮಾತಿನಲ್ಲಿ ಈ ಪದಕ್ಕೆ 'ಸಾಮಾನ್ಯ', 'ಎಲ್ಲರಂತೆ ಒಬ್ಬ' ಎಂಬ ಅರ್ಥವೂ ಇದೆ. ಸೇನೆಯಲ್ಲಿ ಅದು ನಮ್ಮ ಸಿಪಾಯಿಗೆ ಸಮ. ನೌಕಾಪಡೆಯಲ್ಲಿ ಇದೇ ಮಟ್ಟದವನನ್ನು 'ಮತ್ರೋಸ್' ಅಂತಾರೆ, ಅಂದರೆ ನಾವಿಕ.

ಇವನ ಗುರುತು ಏನು ಅಂದರೆ, ಗುರುತೇ ಇಲ್ಲದಿರುವುದು. ರಷ್ಯಾದಲ್ಲಿ ಶ್ರೇಣಿಯನ್ನು ತೋರಿಸುವುದು ಹೆಗಲ ಮೇಲಿನ 'ಪೊಗೊನ್', ಅಂದರೆ ಭುಜಪಟ್ಟಿ. ರಿಯಾದೊವೊಯ್‌ನ ಪಟ್ಟಿ ಖಾಲಿ. ಯುದ್ಧಭೂಮಿಯ ಯೂನಿಫಾರಂನಲ್ಲಂತೂ ಅದು ಬಟ್ಟೆಯ ಒಂದು ಸಣ್ಣ ಕವಚ ಅಷ್ಟೇ. ಅದರ ಮೇಲೆ ನಕ್ಷತ್ರವೂ ಇಲ್ಲ, ಗೆರೆಯೂ ಇಲ್ಲ. ಒಂದು ಮೆಟ್ಟಿಲು ಮೇಲೇರಿ 'ಯೆಫ್ರೇತರ್' ಆದರೆ ಒಂದು ಅಡ್ಡಗೆರೆ ಬರುತ್ತದೆ. ಕಿರಿಯ ಸಾರ್ಜೆಂಟ್‌ಗೆ ಎರಡು, ಸಾರ್ಜೆಂಟ್‌ಗೆ ಮೂರು. ಈ ಗೆರೆಗೆ ಸೈನಿಕರ ಬಾಯಲ್ಲಿ 'ಲಿಚ್ಕಾ' ಅಂತ ಹೆಸರು.

ಇದು ರಷ್ಯಾದ ವಿಚಿತ್ರ ಏನಲ್ಲ. ನಮ್ಮ ಸೇನೆಯಲ್ಲೂ ಸಿಪಾಯಿಗೆ ಪಟ್ಟಿ ಇಲ್ಲ. ಲ್ಯಾನ್ಸ್ ನಾಯಕ್ ಆದಾಗ ತೋಳಿಗೆ ಒಂದು ಪಟ್ಟಿ, ನಾಯಕ್ ಆದಾಗ ಎರಡು, ಹವಾಲ್ದಾರ್ ಆದಾಗ ಮೂರು. ಬೆಂಗಳೂರಿನಲ್ಲೇ ಕೇಂದ್ರ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಇದೇ ಕೆಳಗಿನ ಮೆಟ್ಟಿಲಿನವನನ್ನು 'ಸ್ಯಾಪರ್' ಅಂತಾರೆ. ಹಾಗಾಗಿ ಖಾಲಿ ಹೆಗಲು ಅವಮಾನವೂ ಅಲ್ಲ, 'ಇವನು ಸೈನಿಕ ಅಲ್ಲ' ಎಂಬುದಕ್ಕೆ ಸಾಕ್ಷಿಯೂ ಅಲ್ಲ. ಸಾಲಿನಲ್ಲಿ ನಿಂತಿದ್ದಾನೆ ಎಂಬುದೇ ಅವನ ಗುರುತು.

ರಷ್ಯಾದ ಸೈನಿಕರಲ್ಲಿ ಒಂದು ಹಳೆಯ ಮಾತಿದೆ: 'ಭುಜಪಟ್ಟಿ ಶುಭ್ರ, ಮನಸ್ಸಾಕ್ಷಿ ಶುಭ್ರ.' ಗೆರೆ ಬಂದರೆ ಇನ್ನೊಬ್ಬನನ್ನು ದುಡಿಸಬೇಕು, ಬಯ್ಯಬೇಕು, ಅವನ ತಪ್ಪಿಗೆ ತಾನು ಉತ್ತರ ಕೊಡಬೇಕು. ಗೆರೆ ಇಲ್ಲದವನಿಗೆ ಆ ಹೊರೆ ಇಲ್ಲ. ಸಿಪಾಯಿಗಳು ತಮ್ಮ ಖಾಲಿ ಹೆಗಲನ್ನು ಹೆಮ್ಮೆಯಿಂದ ನೋಡಿಕೊಂಡ ಬಗೆ ಇದು.

ಹರಿದೆಸೆದ ಪಟ್ಟಿ ಮತ್ತೆ ಹೆಗಲೇರಿದ್ದು

ಈ ತುಂಡು ಬಟ್ಟೆಯ ಹಿಂದೆ ದೊಡ್ಡ ರಾಜಕೀಯ ಇದೆ. ತ್ಸಾರ್ ಕಾಲದಲ್ಲಿ ಸಿಪಾಯಿಗಳನ್ನು 'ಕೆಳ ದರ್ಜೆ'ಯವರು ಎಂದೇ ಕರೆಯುತ್ತಿದ್ದರು. 1793ರ ನಂತರ ಸೇನೆಗೆ ಸೇರಿದವನ ಸೇವೆ 25 ವರ್ಷ. ಅದಕ್ಕೂ ಮುಂಚೆ ಜೀವನಪೂರ್ತಿ. ಹಳ್ಳಿಯಿಂದ ಹೋದ ಮಗ ಮತ್ತೆ ಬರುತ್ತಾನೆ ಎಂಬ ಭರವಸೆ ಯಾವ ತಾಯಿಗೂ ಇರಲಿಲ್ಲ. 1874ರಲ್ಲಿ ಎಲ್ಲ ವರ್ಗದವರಿಗೂ ಸೇನಾ ಸೇವೆ ಕಡ್ಡಾಯವಾಗಿ, ಅವಧಿ ಕಡಿಮೆಯಾಯಿತು.

1917ರ ಕ್ರಾಂತಿಯಲ್ಲಿ ಸಿಪಾಯಿಗಳ ಸಿಟ್ಟು ತಿರುಗಿದ್ದು ಅಧಿಕಾರಿಗಳ ಭುಜಪಟ್ಟಿಯ ಮೇಲೆ. ಅವನ್ನು ಹರಿದೆಸೆದರು. ರಾಜಧಾನಿಯ ಕಾರ್ಮಿಕರ ಮತ್ತು ಸಿಪಾಯಿಗಳ ಸಭೆಯಾದ ಪೆಟ್ರೋಗ್ರಾಡ್ ಸೋವಿಯತ್‌ನ ಆದೇಶ ಸಂಖ್ಯೆ 1 ಬಂದ ಮೇಲೆ ಅಧಿಕಾರಿ ಸಿಪಾಯಿಯನ್ನು 'ನೀನು' ಅಂತ ಏಕವಚನದಲ್ಲಿ ಕರೆಯುವ ಹಾಗಿರಲಿಲ್ಲ. ವರ್ಷದ ಕೊನೆಗೆ ಲೆನಿನ್‌ನ ಬೊಲ್ಶೆವಿಕ್ ಸರ್ಕಾರ ಎಲ್ಲ ಶ್ರೇಣಿಗಳನ್ನೂ ರದ್ದು ಮಾಡಿತು. ಸಿಪಾಯಿ 'ಕ್ರಾಸ್ನೊಆರ್ಮೇಯೆತ್ಸ್' ಆದ, ಅಂದರೆ ಕೆಂಪು ಸೇನೆಯವನು.

ಆದರೆ ಸೇನೆ ದೊಡ್ಡದಾದಂತೆ ಶ್ರೇಣಿ ಬೇಕೇ ಬೇಕಾಯಿತು. 1935ರಲ್ಲಿ ಶ್ರೇಣಿಗಳು ವಾಪಸ್ ಬಂದವು. 1943ರ ಜನವರಿಯಲ್ಲಿ, ಸ್ಟಾಲಿನ್‌ಗ್ರಾಡ್ ಕದನ ಗೆಲುವಿನ ಹತ್ತಿರ ಇದ್ದಾಗ, ಭುಜಪಟ್ಟಿಯೂ ಬಂತು. ಯಾವ ಪಟ್ಟಿಯನ್ನು ಶತ್ರುವಿನ ಚಿಹ್ನೆ ಅಂತ 26 ವರ್ಷ ಹಿಂದೆ ಹರಿದೆಸೆದಿದ್ದರೋ ಅದನ್ನೇ ಕೆಂಪು ಸೈನಿಕರು ಹೆಗಲಿಗೆ ಹಾಕಿಕೊಂಡರು. ಯುದ್ಧ ಗೆಲ್ಲಲು ಹಳೆಯ ರಷ್ಯಾದ ನೆನಪೂ ಬೇಕು ಎಂಬುದು ಸ್ಟಾಲಿನ್ ಲೆಕ್ಕ. 1946ರಲ್ಲಿ 'ರಿಯಾದೊವೊಯ್' ಎಂಬ ಹಳೆಯ ಹೆಸರೂ ಮರಳಿತು.

ಮುಂದೆ 1970ರ ದಶಕದಲ್ಲಿ ಖಾಲಿ ಪಟ್ಟಿಯ ಮೇಲೆ 'ಸೋವಿಯತ್ ಆರ್ಮಿ' ಎಂಬುದರ ಎರಡು ಮೊದಲಕ್ಷರಗಳು ಬಂದವು. ದೇಶ ಒಡೆದ ಮೇಲೆ ಆ ಜಾಗಕ್ಕೆ 'ಸಶಸ್ತ್ರ ಪಡೆ' ಎಂಬುದರ ಅಕ್ಷರಗಳು ಬಂದವು. ಗಮನಿಸಿ: ಆ ಅಕ್ಷರಗಳು ಸಿಪಾಯಿ ಯಾರು ಅಂತ ಹೇಳುವುದಿಲ್ಲ. ಅವನು ಯಾರಿಗೆ ಸೇರಿದವನು ಅಂತ ಹೇಳುತ್ತವೆ.

ಖಾಲಿ ಜಾಗದಲ್ಲಿ ಹುಟ್ಟಿದ ಇನ್ನೊಂದು ಶ್ರೇಣಿ

ಗುರುತಿಲ್ಲದ ಹೆಗಲುಗಳ ನಡುವೆ ಎಲ್ಲರೂ ಸಮಾನರಾಗಿರುತ್ತಾರೆ ಅಂದುಕೊಂಡರೆ ತಪ್ಪು. ಸೋವಿಯತ್ ಬ್ಯಾರಕ್‌ಗಳಲ್ಲಿ ಆದದ್ದು ಇದರ ಉಲ್ಟಾ.

1967ರಲ್ಲಿ ಕಡ್ಡಾಯ ಸೇವೆಯನ್ನು ಭೂಸೇನೆಯಲ್ಲಿ ಎರಡು ವರ್ಷಕ್ಕೆ ಇಳಿಸಿದರು. ವರ್ಷಕ್ಕೆ ಎರಡು ಸಲ ಭರ್ತಿ ಶುರುವಾಯಿತು. ಅಲ್ಲಿಗೆ ಒಂದೇ ಬ್ಯಾರಕ್‌ನಲ್ಲಿ ಆರಾರು ತಿಂಗಳ ಅಂತರದ ನಾಲ್ಕು ತಂಡಗಳು ಒಟ್ಟಿಗೆ ಇರುವ ಹಾಗಾಯಿತು. ಹೊಸಬ 'ದೂಖ್', ಅಂದರೆ ದೆವ್ವ: ಇದ್ದೂ ಇಲ್ಲದವನು. ಕೊನೆಯ ಆರು ತಿಂಗಳಲ್ಲಿರುವವನು 'ದೇದ್', ಅಂದರೆ ಅಜ್ಜ. ಅಜ್ಜನ ಬಟ್ಟೆ ಒಗೆಯುವುದು, ಹಾಸಿಗೆ ಹಾಸುವುದು, ಏಟು ತಿನ್ನುವುದು ಹೊಸಬನ ಪಾಲು. ಈ ಕ್ರೂರ ಪದ್ಧತಿಗೆ 'ದೆದೊವ್‌ಶಿನಾ' ಅಂತಾರೆ, ಅಜ್ಜಂದಿರ ಆಳ್ವಿಕೆ.

ಭುಜಪಟ್ಟಿಯಲ್ಲಿ ಇಲ್ಲದ್ದನ್ನು ಬಟ್ಟೆಯ ಉಳಿದ ಭಾಗಗಳು ಹೇಳುತ್ತಿದ್ದವು. ಹೊಸಬನ ಬೆಲ್ಟ್ ಹೊಟ್ಟೆಗೆ ಬಿಗಿಯಾಗಿ ಕಟ್ಟಿರಬೇಕು, ಬೆರಳು ತೂರಬಾರದು. ಅಜ್ಜನ ಬೆಲ್ಟ್ ಸಡಿಲವಾಗಿ ಸೊಂಟದ ಕೆಳಗೆ ಜೋತಾಡುತ್ತಿರುತ್ತದೆ, ಹಿತ್ತಾಳೆ ಬಿಲ್ಲೆಯನ್ನು ಬಾಗಿಸಿರುತ್ತಾನೆ. ಹೊಸಬನ ಕಾಲರಿನ ಕೊಕ್ಕೆ ಕುತ್ತಿಗೆಗೆ ಒತ್ತುವ ಹಾಗೆ ಹಾಕಿರಬೇಕು. ಅಜ್ಜನದು ಬಿಚ್ಚಿರುತ್ತದೆ. ಸರ್ಕಾರಿ ಲೆಕ್ಕದಲ್ಲಿ ಇಬ್ಬರೂ ರಿಯಾದೊವೊಯ್, ಇಬ್ಬರ ಹೆಗಲೂ ಖಾಲಿ. ಆದರೆ ಬ್ಯಾರಕ್ ಒಳಗೆ ಕಾಲಿಟ್ಟ ಯಾರಿಗೇ ಆದರೂ ಯಾರು ಯಜಮಾನ, ಯಾರು ಆಳು ಅಂತ ಕ್ಷಣದಲ್ಲಿ ತಿಳಿಯುತ್ತಿತ್ತು.

ಇದಕ್ಕೆ ಇನ್ನೊಂದು ಕಾರಣ ಸಾರ್ಜೆಂಟ್‌ಗಳು. ನಮ್ಮಲ್ಲಿ ಹವಾಲ್ದಾರ್ ಅಂದರೆ ಹತ್ತಾರು ವರ್ಷ ಸೇವೆ ಮಾಡಿದವನು. ಸಿಪಾಯಿಗೂ ಅಧಿಕಾರಿಗೂ ನಡುವೆ ಗೋಡೆಯ ಹಾಗೆ ನಿಲ್ಲುವವನು. ಸೋವಿಯತ್ ಸೇನೆಯಲ್ಲಿ ಕಡ್ಡಾಯ ಸೇವೆಗೆ ಬಂದ ಹುಡುಗನಿಗೇ ಆರು ತಿಂಗಳು ತರಬೇತಿ ಕೊಟ್ಟು ಸಾರ್ಜೆಂಟ್ ಮಾಡುತ್ತಿದ್ದರು. ಅವನೂ 19–20 ವರ್ಷದವನೇ. ಅಜ್ಜಂದಿರನ್ನು ತಡೆಯುವ ಶಕ್ತಿ ಅವನಿಗೆ ಎಲ್ಲಿಂದ ಬರಬೇಕು? ಕೊನೆಗೆ ತಾಯಂದಿರೇ ಬೀದಿಗಿಳಿದರು. 1989ರಲ್ಲಿ ಸೈನಿಕರ ತಾಯಂದಿರ ಸಮಿತಿ ಹುಟ್ಟಿತು. 2008ರಿಂದ ಕಡ್ಡಾಯ ಸೇವೆ ಒಂದೇ ವರ್ಷ ಆಯಿತು. ಅಜ್ಜ ಆಗಲು ಬೇಕಾದ ಕಾಲವೇ ಉಳಿಯಬಾರದು ಎಂಬುದೂ ಅದರ ಹಿಂದಿನ ಒಂದು ಉದ್ದೇಶ. 2009ರಲ್ಲಿ ರಿಯಾಜಾನ್‌ನಲ್ಲಿ ವೃತ್ತಿಪರ ಸಾರ್ಜೆಂಟ್‌ಗಳ ತರಬೇತಿಯೂ ಶುರುವಾಯಿತು.

ಇವತ್ತಿನ ಸುದ್ದಿಗೂ ಇದಕ್ಕೂ ಏನು ಸಂಬಂಧ ಅಂದರೆ, ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ರಕ್ಷಣೆ ಕೊಡುವವರು ಈ ಸೇನೆಯಲ್ಲಿ ಮೊದಲಿನಿಂದಲೂ ಕಡಿಮೆ. ಭಾಷೆ ಬಾರದ ಪರದೇಶಿ ಅಲ್ಲಿ ನಿಂತರೆ ಅವನ ಸ್ಥಿತಿ ಹೇಗಿರುತ್ತದೆ, ನೀವೇ ಯೋಚಿಸಿ.

ಕೆಲಸ ಬೇರೆ, ಶ್ರೇಣಿ ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಎಷ್ಟೋ ಕುಟುಂಬಗಳು ಎಡವಿದ್ದು ಇಲ್ಲೇ.

ರಷ್ಯಾದ ಕಾನೂನಿನಲ್ಲಿ ಹುದ್ದೆ ಒಂದು, ಶ್ರೇಣಿ ಇನ್ನೊಂದು. ಅಡುಗೆಯವನು, ಡ್ರೈವರ್, ಲೋಡರ್, ಕಂದಕ ತೋಡುವವನು: ಇವೆಲ್ಲ ಕೆಲಸ. ಆದರೆ ರಕ್ಷಣಾ ಸಚಿವಾಲಯದ ಜೊತೆ ಸೇನಾ ಸೇವೆಯ ಕರಾರಿಗೆ ಸಹಿ ಹಾಕಿ, ತುಕಡಿಯ ಪಟ್ಟಿಯಲ್ಲಿ ಹೆಸರು ಸೇರಿದ ಕೂಡಲೇ, ಮೊದಲು ಯಾವ ಶ್ರೇಣಿಯೂ ಇಲ್ಲದವನಿಗೆ 'ರಿಯಾದೊವೊಯ್' ಶ್ರೇಣಿ ಬರುತ್ತದೆ. ಅವನು ಪಾತ್ರೆ ತೊಳೆಯಲಿ, ಬಂದೂಕು ಹಿಡಿಯಲಿ, ಶ್ರೇಣಿ ಅದೇ. ಸೇನೆಯಲ್ಲಿ ಕೆಲಸ ಬದಲಿಸಲು ಒಂದು ಆದೇಶ ಸಾಕು. ಇವತ್ತು ಉಗ್ರಾಣದಲ್ಲಿದ್ದವನನ್ನು ನಾಳೆ ಮುಂಚೂಣಿಗೆ ಕಳಿಸಬಹುದು. 'ನಾನು ಹೆಲ್ಪರ್' ಎಂಬ ಮಾತಿಗೆ ಅಲ್ಲಿ ಬೆಲೆ ಇಲ್ಲ. ಯಾಕೆಂದರೆ ಹೆಲ್ಪರ್ ಎಂಬ ಶ್ರೇಣಿಯೇ ಇಲ್ಲ.

ವಿದೇಶಿಯರ ವಿಷಯದಲ್ಲಿ ಕಾನೂನು ಇನ್ನೂ ಎರಡು ಮಾತು ಹೇಳುತ್ತದೆ. ಒಂದು, ವಿದೇಶಿ ಪ್ರಜೆ ಸಿಪಾಯಿ, ನಾವಿಕ, ಸಾರ್ಜೆಂಟ್ ಮಟ್ಟದ ಹುದ್ದೆಗಳಿಗೆ ಮಾತ್ರ ಕರಾರು ಮಾಡಿಕೊಳ್ಳಬಹುದು. ಅಧಿಕಾರಿ ಆಗುವ ಬಾಗಿಲು ಅವನಿಗೆ ಮುಚ್ಚಿದೆ. ಇನ್ನೊಂದು, ರಷ್ಯಾದವನು ಸೇನೆ ಸೇರುವಾಗ ದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತಾನೆ. ವಿದೇಶಿ ಪ್ರಮಾಣ ಮಾಡುವುದಿಲ್ಲ, 'ಬದ್ಧನಾಗಿರುತ್ತೇನೆ' ಎಂದು ಮಾತು ಕೊಡುತ್ತಾನೆ. ಹೆಸರು ಬೇರೆ ಆದರೂ ಕಟ್ಟುಪಾಡು ಅದೇ.

ಸಂಬಳದ ಲೆಕ್ಕವೂ ಇದನ್ನೇ ತೋರಿಸುತ್ತದೆ. 2012ರಲ್ಲಿ ಹೊಸ ವೇತನ ಪದ್ಧತಿ ಬಂದಾಗ ರಿಯಾದೊವೊಯ್ ಶ್ರೇಣಿಗೆ ಸಿಗುತ್ತಿದ್ದ ಮೂಲ ವೇತನ ತಿಂಗಳಿಗೆ 5,000 ರೂಬಲ್. ಒಂದು ಗೆರೆಯ ಯೆಫ್ರೇತರ್‌ಗೆ 5,500. ಹುದ್ದೆಯ ವೇತನ ಬೇರೆ. ಈಗ ಜಾಹೀರಾತಿನಲ್ಲಿ ಕಾಣುವ, ತಿಂಗಳಿಗೆ ಎರಡು ಲಕ್ಷ ರೂಬಲ್‌ಗೂ ಜಾಸ್ತಿ ಎನ್ನುವ ಮೊತ್ತ ಬರುವುದು ಶ್ರೇಣಿಯಿಂದಲ್ಲ, ಯುದ್ಧ ವಲಯದಲ್ಲಿ ಇರುವುದಕ್ಕೆ. ಸಹಿ ಹಾಕಿದ ಕೂಡಲೇ ರಷ್ಯಾದ ಕೇಂದ್ರ ಸರ್ಕಾರ ಕೊಡುವ ಬೋನಸ್ಸನ್ನು 2024ರ ಜುಲೈ ಕೊನೆಯಲ್ಲಿ 4 ಲಕ್ಷ ರೂಬಲ್‌ಗೆ ಏರಿಸಿದರು. ದೊಡ್ಡ ಸಂಬಳ ತೋರಿಸಿ 'ಮುಂಚೂಣಿಗೆ ಕಳಿಸಲ್ಲ' ಅಂತ ಏಜೆಂಟ್ ಹೇಳಿದರೆ, ಆ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ. ಆ ದುಡ್ಡು ಇರುವುದೇ ಯುದ್ಧ ವಲಯಕ್ಕೆ.

ಒಂದು ವರ್ಷ ಯಾಕೆ ಮುಗಿಯಲ್ಲ

2022ರ ಸೆಪ್ಟೆಂಬರ್ 21ರಂದು ಅಧ್ಯಕ್ಷ ಪುಟಿನ್ ಭಾಗಶಃ ಸೇನಾ ಜಮಾವಣೆಯ ಆದೇಶಕ್ಕೆ ಸಹಿ ಹಾಕಿದರು. 3 ಲಕ್ಷ ಜನರನ್ನು ಕರೆಸಿಕೊಂಡ ಆದೇಶ ಎಂದೇ ಅದು ಸುದ್ದಿಯಾಯಿತು. ಅದರೊಳಗೆ ಇನ್ನೊಂದು ಸಾಲಿತ್ತು: ಸೈನಿಕರ ಕರಾರುಗಳು ಜಮಾವಣೆಯ ಅವಧಿ ಮುಗಿಯುವವರೆಗೂ ಜಾರಿಯಲ್ಲಿರುತ್ತವೆ. ಹೊರಬರಲು ಉಳಿಸಿದ ದಾರಿ ಮೂರೇ. ವಯಸ್ಸಿನ ಮಿತಿ ದಾಟಬೇಕು, ಸೇವೆಗೆ ಯೋಗ್ಯನಲ್ಲ ಅಂತ ಸೇನೆಯ ವೈದ್ಯರೇ ಹೇಳಬೇಕು, ಅಥವಾ ಕೋರ್ಟು ಜೈಲು ಶಿಕ್ಷೆ ಕೊಟ್ಟಿರಬೇಕು.

ಹೀಗಾಗಿ ಕರಾರಿನಲ್ಲಿ 'ಒಂದು ವರ್ಷ' ಅಂತ ಇದ್ದರೂ ಅದು ತಾನಾಗಿ ಮುಗಿಯುವುದಿಲ್ಲ. ಜನರನ್ನು ಕರೆಸುವ ಕೆಲಸ ಮುಗಿಯಿತು ಅಂತ 2022ರ ಅಕ್ಟೋಬರ್ ಕೊನೆಯಲ್ಲೇ ಹೇಳಿದರು. ಆದರೆ ಆದೇಶವನ್ನು ಹಿಂಪಡೆಯಲಿಲ್ಲ.

ಸುಮ್ನೆ ಬಿಟ್ಟು ಬರೋಣ ಅಂದರೆ? ಅದೇ ವಾರ ಅಪರಾಧ ಕಾನೂನನ್ನೂ ಬಿಗಿ ಮಾಡಿದ್ದರು. ಜಮಾವಣೆಯ ಕಾಲದಲ್ಲಿ ತುಕಡಿ ಬಿಟ್ಟು ಒಂದು ತಿಂಗಳಿಗೂ ಹೆಚ್ಚು ಕಾಲ ಕಾಣೆಯಾದರೆ 5ರಿಂದ 10 ವರ್ಷ ಜೈಲು. ತಾನಾಗಿ ಶತ್ರುವಿಗೆ ಶರಣಾದರೆ 3ರಿಂದ 10 ವರ್ಷ. ಹೊರದೇಶದ ಕಂಪನಿಯಲ್ಲಿ ಕೆಲಸ ಬಿಟ್ಟರೆ ಹೆಚ್ಚೆಂದರೆ ವೀಸಾ ಹೋಗುತ್ತದೆ, ಸಂಬಳ ಹೋಗುತ್ತದೆ. ಇಲ್ಲಿ ಕೆಲಸ ಬಿಡುವುದೇ ಅಪರಾಧ.

ವಿದೇಶಿಯರನ್ನು ಸೆಳೆಯುವ ದಾರಿಯನ್ನೂ ಇದೇ ಕಾಲದಲ್ಲಿ ಸಲೀಸು ಮಾಡಿದರು. ಸೇನೆಯ ಕರಾರಿಗೆ ಸಹಿ ಹಾಕಿದ ವಿದೇಶಿಗೂ ಅವನ ಕುಟುಂಬಕ್ಕೂ ರಷ್ಯಾದ ಪೌರತ್ವ ಬೇಗ ಸಿಗುವಂತೆ 2024ರ ಜನವರಿಯಲ್ಲಿ ಹೊಸ ಆದೇಶ ಬಂತು. ಮೇಲ್ನೋಟಕ್ಕೆ ಇದು ಉಡುಗೊರೆ. ಆದರೆ ಒಮ್ಮೆ ರಷ್ಯಾದ ಪ್ರಜೆ ಆದವನಿಗೆ ಭಾರತದ ಪೌರತ್ವ ಉಳಿಯುವುದಿಲ್ಲ, ನಮ್ಮ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ. ಆಮೇಲೆ ಅವನಿಗಾಗಿ ನಮ್ಮ ರಾಯಭಾರ ಕಚೇರಿ ಕೇಳುವ ಹಕ್ಕೂ ತೆಳ್ಳಗಾಗುತ್ತದೆ.

ಯಾರು ಏನು ಹೇಳುತ್ತಾರೆ

ಭಾರತ ಸರ್ಕಾರದ ನಿಲುವು ಎರಡು ಭಾಗದ್ದು: ಇರುವವರನ್ನು ಅವಧಿಗೆ ಮುಂಚೆ ಬಿಡಿ, ಹೊಸಬರನ್ನು ಸೇರಿಸಿಕೊಳ್ಳಬೇಡಿ. 2024ರ ಜುಲೈನಲ್ಲಿ ಪ್ರಧಾನಿ ಮೋದಿ ಮಾಸ್ಕೋಗೆ ಹೋದಾಗ ಈ ವಿಷಯ ನೇರವಾಗಿ ಪುಟಿನ್ ಮುಂದೆ ಹೋಯಿತು. ಅದಕ್ಕೂ ಮುಂಚೆ ಮಾರ್ಚ್‌ನಲ್ಲಿ ಸಿಬಿಐ ಏಳು ನಗರಗಳಲ್ಲಿ ದಾಳಿ ಮಾಡಿ ವೀಸಾ ಏಜೆನ್ಸಿಗಳ ಮೇಲೆ ಕೇಸು ಹಾಕಿತ್ತು.

ರಷ್ಯಾ ಹೇಳುವುದು ಬೇರೆ: ಸರ್ಕಾರ ಯಾರನ್ನೂ ಮೋಸದಿಂದ ಕರೆತಂದಿಲ್ಲ, ಇವರು ತಾವಾಗಿ ಸಹಿ ಹಾಕಿದವರು, ಕರಾರಿನಂತೆ ಹಣ ಕೊಡುತ್ತೇವೆ. 2024ರ ಏಪ್ರಿಲ್‌ನಿಂದ ಭಾರತೀಯರ ಭರ್ತಿ ನಿಲ್ಲಿಸಿದ್ದೇವೆ ಎಂದು ದೆಹಲಿಯ ರಷ್ಯಾ ರಾಯಭಾರ ಕಚೇರಿ ಅದೇ ಆಗಸ್ಟ್‌ನಲ್ಲಿ ಹೇಳಿತು. ಆದರೂ 2025ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಮತ್ತೆ ಎಚ್ಚರಿಕೆ ಕೊಡಬೇಕಾಯಿತು. ಹೊಸದಾಗಿ ಸೇರಿದವರ ಸುದ್ದಿ ಬರುತ್ತಲೇ ಇತ್ತು.

ಕುಟುಂಬಗಳದು ಮೂರನೆಯ ಮಾತು. ಓದಲು ಬಾರದ ಭಾಷೆಯ ಕಾಗದಕ್ಕೆ ಹಾಕಿಸಿದ ಸಹಿ ಒಪ್ಪಿಗೆ ಹೇಗಾಗುತ್ತದೆ? ನನ್ನ ಪ್ರಕಾರ ಈ ಇಡೀ ವಿವಾದದಲ್ಲಿ ಅತಿ ಗಟ್ಟಿಯಾದ ಪ್ರಶ್ನೆ ಇದು. ಸಹಿ ಅಸಲಿ ಇರಬಹುದು, ತಿಳುವಳಿಕೆ ಇರಲಿಲ್ಲ. ಕೇಳಿದ್ದು ಹೆಲ್ಪರ್ ಕೆಲಸ, ಸಿಕ್ಕಿದ್ದು ಶ್ರೇಣಿ. ಆದರೆ ಯುದ್ಧದ ನಡುವೆ ಈ ಪ್ರಶ್ನೆಯನ್ನು ರಷ್ಯಾದ ಕೋರ್ಟಿಗೆ ಒಯ್ಯುವ ಶಕ್ತಿ ಯಾವ ಬಡ ಕುಟುಂಬಕ್ಕಿದೆ? ಅದಕ್ಕೇ ಇಷ್ಟು ದಿನ ಬಿಡುಗಡೆ ಆದವರೆಲ್ಲ ಹೆಚ್ಚಾಗಿ ಕಾನೂನಿನ ದಾರಿಯಿಂದಲ್ಲ, ಎರಡು ಸರ್ಕಾರಗಳ ಮಾತುಕತೆಯಿಂದ ಬಂದವರು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕ ಹೀಗಿತ್ತು: ಗೊತ್ತಿರುವ ಪ್ರಕರಣ 126, ವಾಪಸ್ ಬಂದವರು 96, ತೀರಿಕೊಂಡವರು 12, ಇನ್ನೂ ಅಲ್ಲೇ ಇದ್ದವರು 18. ಆ 18ರಲ್ಲಿ 16 ಜನ ಎಲ್ಲಿದ್ದಾರೆಂದೇ ತಿಳಿದಿಲ್ಲ ಎಂದು ರಷ್ಯಾ ಹೇಳಿತ್ತು.

ನಾವೊಬ್ಬರೇ ಅಲ್ಲ. ನೇಪಾಳ ತನ್ನ ಹುಡುಗರು ಸತ್ತ ಮೇಲೆ 2024ರ ಜನವರಿಯಲ್ಲಿ ರಷ್ಯಾ, ಉಕ್ರೇನ್‌ಗೆ ಕೆಲಸದ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಕ್ಯೂಬಾ 2023ರಲ್ಲಿ ಇಂಥದೇ ಜಾಲದ ಮೇಲೆ ಬಂಧನ ನಡೆಸಿತು.

ಸೆರೆಸಿಕ್ಕರೆ ಈ ಶ್ರೇಣಿ ಏನು ಮಾಡುತ್ತದೆ

'ಬಾಡಿಗೆ ಸೈನಿಕ' ಎಂಬ ಪದವನ್ನು ನಮ್ಮ ಸುದ್ದಿಗಳಲ್ಲಿ ಸಲೀಸಾಗಿ ಬಳಸುತ್ತಾರೆ. ಅದು ಬರೀ ತಪ್ಪಲ್ಲ, ಆ ಹುಡುಗರಿಗೆ ಹಾನಿ ಮಾಡುವ ತಪ್ಪು. ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಒಡಂಬಡಿಕೆ ಪ್ರಕಾರ, ಯುದ್ಧ ಮಾಡುತ್ತಿರುವ ದೇಶದ ಸಶಸ್ತ್ರ ಪಡೆಯ ಸದಸ್ಯನಾದವನು ಬಾಡಿಗೆ ಸೈನಿಕ ಅಲ್ಲ. ಬಾಡಿಗೆ ಸೈನಿಕನಿಗೆ ಯುದ್ಧಕೈದಿಯ ಹಕ್ಕು ಇಲ್ಲ, ಸೇನೆಯ ಸಿಪಾಯಿಗೆ ಇದೆ. ಮೋಸದಿಂದ ಹೆಗಲೇರಿದ ಅದೇ ಖಾಲಿ ಪಟ್ಟಿ ಸೆರೆಸಿಕ್ಕಾಗ ಜೀವ ಕಾಯುವ ಕಾಗದ ಆಗುತ್ತದೆ.

2025ರ ಅಕ್ಟೋಬರ್‌ನಲ್ಲಿ, ರಷ್ಯಾ ಪರ ಹೋರಾಡುತ್ತಿದ್ದ ಗುಜರಾತಿನ ಯುವಕನೊಬ್ಬ ಸಿಕ್ಕಿದ್ದಾನೆ ಎಂದು ಉಕ್ರೇನ್ ಹೇಳಿತು. ಇಂಥವನ ವಿಷಯದಲ್ಲಿ ಶ್ರೇಣಿಯ ಲೆಕ್ಕ ನೇರವಾಗಿ ಅನ್ವಯ ಆಗುತ್ತದೆ. ಮೂರನೆಯ ಜಿನೀವಾ ಒಪ್ಪಂದದಂತೆ ಸೆರೆಸಿಕ್ಕವನು ಹೇಳಲೇಬೇಕಾದದ್ದು ನಾಲ್ಕು: ಹೆಸರು, ಶ್ರೇಣಿ, ಹುಟ್ಟಿದ ದಿನ, ಸೇನಾ ಸಂಖ್ಯೆ. ಅಧಿಕಾರಿಯನ್ನು ಸೆರೆಯಲ್ಲಿ ದುಡಿಸುವ ಹಾಗಿಲ್ಲ. ಸಾರ್ಜೆಂಟ್‌ಗೆ ಮೇಲ್ವಿಚಾರಣೆಯ ಕೆಲಸ ಮಾತ್ರ ಕೊಡಬಹುದು. ಅವನಿಗಿಂತ ಕೆಳಗಿನವನನ್ನು ಕೂಲಿ ಕೆಲಸಕ್ಕೂ ಹಚ್ಚಬಹುದು. ಸೆರೆಯಾಳಿಗೆ ಕೊಡಬೇಕಾದ ತಿಂಗಳ ಸಂಬಳದ ಮುಂಗಡವನ್ನೂ 1949ರ ಆ ಒಪ್ಪಂದದಲ್ಲೇ ಬರೆದಿದ್ದಾರೆ. ಸಾರ್ಜೆಂಟ್‌ಗೆ 12 ಸ್ವಿಸ್ ಫ್ರಾಂಕ್, ಅವನಿಗಿಂತ ಕೆಳಗಿನವರಿಗೆ 8.

ಕಾಣೆಯಾದವರ ಮನೆಗಳಲ್ಲಿ

ಸತ್ತ ಸೈನಿಕನ ಕುಟುಂಬಕ್ಕೆ 50 ಲಕ್ಷ ರೂಬಲ್ ಕೊಡುವ ಆದೇಶ 2022ರ ಮಾರ್ಚ್‌ನಿಂದ ಇದೆ. ಅದಕ್ಕೆ ಸಾವು ಕಾಗದದಲ್ಲಿ ದಾಖಲಾಗಬೇಕು. ಕಾಣೆಯಾದವನು ದಾಖಲೆಯಲ್ಲಿ ಸತ್ತವನೂ ಅಲ್ಲ, ಬಿಡುಗಡೆ ಆದವನೂ ಅಲ್ಲ. ದೇಹ ಸಿಕ್ಕರೆ ಡಿಎನ್‌ಎ ಹೊಂದಿಸಿ ನೋಡಬೇಕು. ಅದಕ್ಕೆ ಊರಿನಲ್ಲಿರುವ ಅಪ್ಪನೋ ಅಣ್ಣನೋ ರಕ್ತದ ಮಾದರಿ ಕೊಡಬೇಕು, ಅದು ಮಾಸ್ಕೋ ತಲುಪಬೇಕು. ಅಲ್ಲಿಯವರೆಗೆ ಮನೆಯವರು ತಿಥಿ ಮಾಡುವ ಹಾಗೂ ಇಲ್ಲ, ಬರುತ್ತಾನೆ ಅಂತ ನಂಬಿಕೊಂಡು ಕೂರುವ ಹಾಗೂ ಇಲ್ಲ. ತುಕಡಿಯ ಪಟ್ಟಿಯಲ್ಲಿ ಮಾತ್ರ ಹುಡುಗನ ಹೆಸರಿನ ಮುಂದೆ ಅದೇ ಒಂದು ಪದ ಇರುತ್ತದೆ: ರಿಯಾದೊವೊಯ್.